ತಾಯಿಯ ನಾಲಿಗೆ, ಮರಿಯ ಕರುಳು

ಈ ಸದ್ದು ಕೇಳಿಸ್ತಾ? ಐದು ನಾಯಿಮರಿಗಳು ಒಟ್ಟಿಗೆ ಹಾಲು ಚೀಪುತ್ತಿವೆ. ಹುಟ್ಟಿ ಇನ್ನೂ ಆರು ಗಂಟೆ ಆಗಿಲ್ಲ. ಕಣ್ಣು ಮುಚ್ಚಿದೆ, ಕಿವಿಯೂ ಮುಚ್ಚಿದೆ. ಆದರೂ ಮೊಲೆ ಎಲ್ಲಿದೆ ಅಂತ ಮೂಗಿಗೆ ಗೊತ್ತು.

ಇವತ್ತು ಬೆಳಿಗ್ಗೆ ನಾನೊಂದು ತಪ್ಪು ಮಾಡುವವಳಿದ್ದೆ. ಹತ್ತಿ, ಆಂಟಿಸೆಪ್ಟಿಕ್ ಲೋಷನ್ ಇಟ್ಟುಕೊಂಡು ತಾಯಿನಾಯಿಯ ಮೊಲೆ ಒರೆಸಲು ಕೂತಿದ್ದೆ. ಮರಿಗಳಿಗೆ ಸೋಂಕು ಆಗಬಾರದು ಅಂತ. ಫೋನಿನಲ್ಲಿದ್ದ ವೆಟ್ ಡಾಕ್ಟರ್, "ಅದನ್ನು ಪಕ್ಕಕ್ಕಿಡಮ್ಮ. ಹಾಸು ಒಣಗಿರಲಿ, ನಿನ್ನ ಕೈ ತೊಳೆದಿರಲಿ, ಸಾಕು. ಉಳಿದದ್ದು ಅವಳು ನೋಡಿಕೊಳ್ಳುತ್ತಾಳೆ" ಎಂದರು.

ಯಾಕೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಹುಟ್ಟುವ ಹೊತ್ತಿಗೆ ಮರಿಯ ಕರುಳು ಹೆಚ್ಚುಕಡಿಮೆ ಖಾಲಿ. ಹೊರಗೆ ಬರುವ ದಾರಿಯಲ್ಲಿ, ತಾಯಿಯ ನಾಲಿಗೆಯಿಂದ, ಮೊಲೆಯ ಚರ್ಮದಿಂದ, ಹಾಲಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. ಮೊದಲು ನೆಲೆ ಹಿಡಿಯುವುದು ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಬದುಕುವ ಜಾತಿಗಳು: ಇ. ಕೋಲಿ, ಎಂಟರೋಕಾಕಸ್ ಇಂಥವು. ಇ. ಕೋಲಿ ಅಂದ ತಕ್ಷಣ ಹೆದರಬೇಡಿ, ಅದರಲ್ಲಿ ಹೆಚ್ಚಿನವು ಕಾಯಿಲೆ ತರುವುದಿಲ್ಲ. ಇವು ಕರುಳಿನ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಆಗ ಆಮ್ಲಜನಕ ಆಗದ ಬೈಫಿಡೋಬ್ಯಾಕ್ಟೀರಿಯಂ, ಬ್ಯಾಕ್ಟೀರಾಯ್ಡಿಸ್ ಬಂದು ಸೇರುತ್ತವೆ. ಮುಂದೆ ಕೆಟ್ಟವು ಬಂದರೂ ಸುಲಭಕ್ಕೆ ಜಾಗ ಸಿಗುವುದಿಲ್ಲ. ಅಂದರೆ ನಾನು ಒರೆಸಿ ತೆಗೆಯಲು ಹೊರಟಿದ್ದು ಮರಿಗೆ ತಲುಪಬೇಕಾದದ್ದನ್ನೇ!

ಮೊದಲ ದಿನದ ಗಿಣ್ಣುಹಾಲಿನ ಕೆಲಸ ಬೇರೆ. ರೋಗ ತಡೆಯುವ ಆ್ಯಂಟಿಬಾಡಿಗಳು ನಾಯಿ, ಬೆಕ್ಕಿನ ಮರಿಗೆ ಹೊಟ್ಟೆಯಲ್ಲಿರುವಾಗ ಸಿಗುವುದು ಬಹಳ ಕಡಿಮೆ. ಗಿಣ್ಣಿನಿಂದಲೇ ಬರಬೇಕು. ಕರುಳಿನ ಗೋಡೆ ಅವನ್ನು ರಕ್ತಕ್ಕೆ ಬಿಡುವುದು ಸುಮಾರು ಮೊದಲ 24 ಗಂಟೆ ಮಾತ್ರ, ಅದೂ ಗಂಟೆಗಂಟೆಗೂ ಕಡಿಮೆಯಾಗುತ್ತಾ ಹೋಗುತ್ತದೆ. ಬೆಕ್ಕಿನ ಮರಿಗೆ ಇನ್ನೂ ಬೇಗ ಮುಚ್ಚಿಹೋಗುತ್ತದೆ.

ಇದು ಎರಡನೇ ದಿನ. ಈ ಚಿಕ್ಕವಳನ್ನು ನೋಡಿ. ಹುಟ್ಟಿದಾಗ 210 ಗ್ರಾಂ ಇದ್ದಳು, ಈಗ ಸ್ಕೇಲ್ 198 ತೋರಿಸುತ್ತಿದೆ. ಉಳಿದ ನಾಲ್ವರೂ ದಪ್ಪಗಾಗುತ್ತಿದ್ದಾರೆ, ಇವಳು ಮಾತ್ರ ಗುಂಪಿನಿಂದ ದೂರ ಮಲಗಿದ್ದಳು. ಬಾಯಿಗೆ ಬೆರಳಿಟ್ಟರೆ ಒಳಗೂ ತಣ್ಣಗೆ. ಪಾಪ, ತಕ್ಷಣ ಹಾಲು ಕುಡಿಸೋಣ ಅನ್ನಿಸುತ್ತದೆ ಅಲ್ವಾ? ಕುಡಿಸಬಾರದು. ಮೈ ತಣ್ಣಗಾದ ಮರಿಯ ಕರುಳು ಚಲಿಸುವುದನ್ನೇ ನಿಲ್ಲಿಸುತ್ತದೆ. ಹಾಲು ಅಲ್ಲೇ ನಿಂತು ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಶ್ವಾಸಕೋಶಕ್ಕೂ ಹೋಗಬಹುದು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು, ನಿಧಾನವಾಗಿ ಬೆಚ್ಚಗೆ ಮಾಡಿದೆ. ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಆಮೇಲೆ ಅವಳೇ ಬಾಯಿ ತಡಕಾಡಲು ಶುರು ಮಾಡಿದಳು. ಆಗ ಹಾಲು ಹೆಚ್ಚಿರುವ ಹಿಂದಿನ ಮೊಲೆಗೆ ಹಿಡಿದೆ.

ತಾಯಿ ಮರಿಗಳ ಹಿಂಭಾಗ ನೆಕ್ಕುತ್ತಿದ್ದಾಳೆ, ಕಾಣಿಸ್ತಾ? ಸುಮ್ನೆ ಮುದ್ದು ಅಲ್ಲ ಅದು. ಮೊದಲ ಎರಡು ಮೂರು ವಾರ ಮರಿ ತಾನಾಗಿಯೇ ಉಚ್ಚೆ, ಕಕ್ಕ ಮಾಡಲಾರದು. ನಾಲಿಗೆ ತಾಕಿದರೇ ಆಗುವುದು. ತಾಯಿಯಿಲ್ಲದ ಮರಿ ಸಿಕ್ಕರೆ ಪ್ರತಿ ಸಲ ಹಾಲು ಕುಡಿಸಿದಾಗಲೂ ಬೆಚ್ಚಗಿನ ಒದ್ದೆ ಹತ್ತಿಯಿಂದ ಮೆಲ್ಲಗೆ ಸವರಬೇಕು. ಹಸುವಿನ ಹಾಲು ಮಾತ್ರ ಬೇಡ. ನಾಯಿ ಹಾಲಿಗೆ ಹೋಲಿಸಿದರೆ ಅದರಲ್ಲಿ ಪ್ರೋಟೀನ್, ಕೊಬ್ಬು ಕಡಿಮೆ, ಲ್ಯಾಕ್ಟೋಸ್ ಅನ್ನುವ ಹಾಲಿನ ಸಕ್ಕರೆ ಜಾಸ್ತಿ. ಭೇದಿ ಹತ್ತಿಕೊಳ್ಳುತ್ತದೆ, ಇಷ್ಟು ಸಣ್ಣ ಮೈಯಲ್ಲಿ ನೀರು ಆರಿಹೋಗಲು ಕೆಲವೇ ಗಂಟೆ ಸಾಕು. ಮರಿಗಳಿಗೆಂದೇ ಬರುವ ಹಾಲಿನ ಪುಡಿ ತನ್ನಿ. ಕುಡಿಸುವಾಗ ಬೆನ್ನ ಮೇಲೆ ಮಲಗಿಸಬೇಡಿ, ಹೊಟ್ಟೆ ಕೆಳಗಿರಲಿ.

ಭೇದಿಯಾದರೆ ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಹಾಕಬೇಡಿ, ದಯವಿಟ್ಟು. ಈಗಷ್ಟೇ ನೆಲೆಯಾಗುತ್ತಿರುವ ಒಳ್ಳೆಯ ಬ್ಯಾಕ್ಟೀರಿಯಾ ಕೂಡ ಸಾಯುತ್ತವೆ. ಡಾಕ್ಟರ್ ನೋಡಿ ಹೇಳಿದರೆ ಮಾತ್ರ ಕೊಡಿ.

ಇದು ಹನ್ನೊಂದನೇ ದಿನ. ಅದೇ ಸ್ಕೇಲ್, ಅದೇ ಬಟ್ಟಲು. ಆ ಚಿಕ್ಕವಳು ಈಗ 430 ಗ್ರಾಂ! ಒಂದು ಕಾಲು ಬಟ್ಟಲಿನಿಂದ ಹೊರಗೆ ಜೋತುಬಿದ್ದಿದೆ.