ಎರವಲು ಹೋದ 11 ಪ್ಲೇಟುಗಳು

ಎಲ್ಲರಿಗೂ ನಮಸ್ಕಾರ. ಕಕ್ಕಡ ತಿಂಗಳ ಈ ಮಳೆಯಲ್ಲಿ, ಮಡಿಕೇರಿಯಲ್ಲಿ, ಸಂಜೆ ಹೊತ್ತು ಇಷ್ಟು ಜನ ಬಂದಿದ್ದೀರಿ. ಬಾಗಿಲ ಹತ್ತಿರ ಕೊಡೆಗಳ ರಾಶಿ ನೋಡಿಯೇ ನನಗೆ ಖುಷಿಯಾಯಿತು. ಹೋಗುವಾಗ ನಿಮ್ಮ ನಿಮ್ಮ ಕೊಡೆಯನ್ನೇ ತೆಗೆದುಕೊಂಡು ಹೋಗಿ.

ಜಾಝ್ ಸಂಗೀತ ಕೇಳಿದ್ದು, ಗ್ರಾಮಫೋನ್ ಪ್ಲೇಟು ಕೂಡಿಸಿದ್ದು, ಬ್ಯಾಂಡಿನಲ್ಲಿ ನುಡಿಸಿದ್ದು, ಕ್ಲಬ್ಬುಗಳಿಗೆ ಹೋಗಿದ್ದು ಅಂತ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೇನೆ. ಅದಕ್ಕೂ ಮೊದಲು ಈ ಮೇಜಿನ ಮೇಲಿರುವ ರಟ್ಟಿನ ಡಬ್ಬದ ವಿಷಯ ಹೇಳಬೇಕು.

ಇದರಲ್ಲಿ 11 ಪ್ಲೇಟು ಇವೆ. ನನ್ನವಲ್ಲ. ಮಕ್ಕಂದೂರು ಕಡೆಯ ನನ್ನ ಗೆಳೆಯನೊಬ್ಬನದು. 2018ರ ಆಗಸ್ಟ್ ಮಳೆ ಹೇಗಿತ್ತು ಅಂತ ಈ ಹಾಲ್‌ನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅವನ ಮನೆ ಹಿಂದಿನ ಗುಡ್ಡದ ಬರೆ ಜಾರಿತು. ಮನೆಯವರೆಲ್ಲ ಹಿಂದಿನ ದಿನವೇ ನೆಂಟರ ಮನೆಗೆ ಹೋಗಿದ್ದರು, ಜೀವ ಉಳಿಯಿತು. 40 ವರ್ಷ ಕೂಡಿಸಿದ ಪ್ಲೇಟುಗಳ ಬೀರು ಮಣ್ಣಿನಡಿ ಹೋಯಿತು. ಅವನು ಆ ಬೀರುವನ್ನು ಮಗುವಿನ ಹಾಗೆ ನೋಡಿಕೊಂಡಿದ್ದ. ಮಳೆಗಾಲ ಪೂರ್ತಿ ಒಳಗೆ ಬಲ್ಬು ಉರಿಸಿಡುತ್ತಿದ್ದ, ಬೂಷ್ಟು ಹಿಡಿಯಬಾರದು ಅಂತ. ಯಾರಿಗೂ ಕೊಡುತ್ತಿರಲಿಲ್ಲ. ಆ ವರ್ಷ ಮೇ ತಿಂಗಳಲ್ಲಿ ನಾನು ಜಗಳವಾಡಿ, ಹೆಚ್ಚು ಕಡಿಮೆ ಕಿತ್ತುಕೊಂಡು ಬಂದ ಹಾಗೆ, 11 ಪ್ಲೇಟು ಎರವಲು ತಂದಿದ್ದೆ. ಅವು ಮಾತ್ರ ಉಳಿದವು. ಸೆಪ್ಟೆಂಬರಿನಲ್ಲಿ ವಾಪಸ್ ಕೊಡಲು ಹೋದಾಗ ಅವನು ಡಬ್ಬ ಮುಟ್ಟಲಿಲ್ಲ. 'ನಿನ್ನ ಹತ್ತಿರವೇ ಇರಲಿ, ನಾಲ್ಕು ಜನಕ್ಕೆ ಕೇಳಿಸು' ಅಂದ.

ಕೊಟ್ಟಿದ್ದೇ ತನಗೆ ಅಂತ ಹಿರಿಯರು ಹೇಳುತ್ತಿದ್ದರಲ್ಲ, ಅದು ಗಾದೆ ಅಂತ ಕೇಳಿದ್ದೆ, ಅವತ್ತು ಕಣ್ಣಿಂದ ನೋಡಿದೆ. ಹಾಗಾಗಿ ಇವತ್ತು ನಾನು ಏನೇ ಹೇಳಿದರೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತೇನೆ. ಸಂಗೀತವನ್ನು ಒಬ್ಬರೇ ಕೇಳಬೇಡಿ. ಪ್ಲೇಟು ಕೊಡಿ, ತನ್ನಿ, ಕೂಡಿ ಕೇಳಿ.

ನಾನು ಕೇಳಲು ಶುರು ಮಾಡಿದ್ದೂ ಹಾಗೆಯೇ. ಮಿಲಿಟರಿಯಿಂದ ಪೆನ್ಷನ್ ಆಗಿ ಬಂದ ದೊಡ್ಡಪ್ಪ ಒಂದು ಟ್ರಂಕು, ಒಂದು ಕೋವಿ, ಒಂದು ಕೀ ಕೊಡುವ ಗ್ರಾಮಫೋನ್ ತಂದಿದ್ದರು. ಇಲ್ಲಿದೆ ನೋಡಿ, ಅದೇ ಇದು. ಕೀ ಕೊಡುವ ಕೆಲಸ ನನ್ನದು. ಜಾಸ್ತಿ ತಿರುಗಿಸಿದರೆ ಸ್ಪ್ರಿಂಗ್ ಹೋಗುತ್ತದೆ, ಕಡಿಮೆಯಾದರೆ ಹಾಡುವವನು ನಡುವೆ ನಿದ್ದೆ ಹೋದ ಹಾಗೆ ಎಳೆಯುತ್ತಾನೆ. ಆ 10 ಇಂಚಿನ ಪ್ಲೇಟಿನ ಒಂದು ಮುಖದಲ್ಲಿ ಹಿಡಿಯುವುದು ಸುಮಾರು 3 ನಿಮಿಷ. ಪ್ರತಿ 3 ನಿಮಿಷಕ್ಕೆ ಯಾರಾದರೂ ಎದ್ದು ತಿರುಗಿಸಿ ಹಾಕಬೇಕು, ಆ ನಡುವೆ ಮಾತು, ಕಾಫಿ, ಚೇಷ್ಟೆ. ಆ ಯಂತ್ರವನ್ನು ಮಾಡಿದ್ದೇ ಕೂಡಿ ಕೂತು ಕೇಳಲಿಕ್ಕೆ ಅಂತ ನನಗೆ ಈಗಲೂ ಅನಿಸುತ್ತದೆ.

ಆ ಪ್ಲೇಟುಗಳು ಏತರದ್ದು ಗೊತ್ತಾ? ಅರಗು. ಹೌದು, ಅರಗಿನ ಮನೆಯ ಅರಗು. ಅರಗಿಗೆ ಕಲ್ಲಿನ ಪುಡಿ, ಮಸಿ ಸೇರಿಸಿ ಬಿಸಿ ಮಾಡಿ ಒತ್ತುತ್ತಿದ್ದರು. ಪ್ರಪಂಚಕ್ಕೆಲ್ಲ ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ನಮ್ಮ ದೇಶದಿಂದ. ಮುತ್ತುಗದ ಮರದಲ್ಲೋ ಬೋರೆ ಮರದಲ್ಲೋ ಒಂದು ಚಿಕ್ಕ ಹುಳ ಕೂತು ಕಟ್ಟಿದ್ದು ಅಮೆರಿಕಕ್ಕೆ ಹೋಗಿ, ಲೂಯಿ ಆರ್ಮ್‌ಸ್ಟ್ರಾಂಗ್ ಊದಿದ ಟ್ರಂಪೆಟ್ ಆಯಿತು. ನಮ್ಮ ದೇಶದಲ್ಲೂ ಕಲ್ಕತ್ತದ ಡಂ ಡಂನಲ್ಲಿ 1928ರಿಂದ ದೊಡ್ಡ ಕಾರ್ಖಾನೆಯೇ ಇತ್ತು. ಜಾಝ್ ಹೊರಗಿನದು, ನಮಗ್ಯಾಕೆ ಅಂತ ಕೇಳುವವರಿಗೆ ನಾನು ಮೊದಲು ಈ ಹುಳದ ಕಥೆ ಹೇಳುತ್ತೇನೆ.

ಅರಗಿನ ವಿಷಯ ನನಗೆ ಗೊತ್ತಾಗಿದ್ದು ಒಂದು ನಷ್ಟದಿಂದ. 14 ವರ್ಷ ಇರಬೇಕು. ಮಳೆಗಾಲದಲ್ಲಿ ಒಂದು ಪ್ಲೇಟಿಗೆ ಬೂಷ್ಟು ಹಿಡಿದಿತ್ತು. ಚೆನ್ನಾಗಿ ಹೋಗಲಿ ಅಂತ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ. ಹತ್ತಿ ಕಪ್ಪಾಯಿತು. ಇನ್ನೊಂದು ಸಲ ಒರೆಸಿದೆ, ಇನ್ನೂ ಕಪ್ಪು. ಕೊಳೆ ಬರುತ್ತಿದೆ ಅಂದುಕೊಂಡೆ. ಬರುತ್ತಿದ್ದದ್ದು ಪ್ಲೇಟೇ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಆಚಾರಿಗಳು ಮರಕ್ಕೆ ಫ್ರೆಂಚ್ ಪಾಲಿಷ್ ಹಾಕುವುದು ಹಾಗೆ ಕರಗಿಸಿಯೇ. ದೊಡ್ಡಪ್ಪ ಬೈಯಲಿಲ್ಲ. ಆ ಪ್ಲೇಟನ್ನು ಗೋಡೆಗೆ ನೇತು ಹಾಕಿದರು. ಆದ್ದರಿಂದ ದಯವಿಟ್ಟು, ಮನೆಯಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ಪ್ಲೇಟು ಇದ್ದರೆ ಡಿಸ್ಟಿಲ್ಡ್ ವಾಟರ್, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು, ಮೆತ್ತಗಿನ ಬಟ್ಟೆ, ಇಷ್ಟೇ. ನಡುವಿನ ಲೇಬಲ್ ಒದ್ದೆ ಮಾಡಬೇಡಿ. ಒಣಗಿದ ಮೇಲೆ ನೆಟ್ಟಗೆ ನಿಲ್ಲಿಸಿಡಿ. ಒಂದರ ಮೇಲೊಂದು ಮಲಗಿಸಬೇಡಿ.

ಆಮೇಲೆ ರೇಡಿಯೋ. ಸಿಲ್ವರ್ ಮರಕ್ಕೆ ತಾಮ್ರದ ತಂತಿ ಕಟ್ಟಿ, ರಾತ್ರಿ ಶಾರ್ಟ್‌ವೇವ್‌ನಲ್ಲಿ ವಾಯ್ಸ್ ಆಫ್ ಅಮೆರಿಕ ಹಿಡಿಯುತ್ತಿದ್ದೆವು. ವಿಲಿಸ್ ಕೊನೋವರ್ ಅನ್ನುವವರು 1955ರಿಂದ ಅದರಲ್ಲಿ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಅರ್ಥವಾಗಲಿ ಅಂತ ನಿಧಾನಕ್ಕೆ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಮಳೆ ಗುಡುಗು ಬಂದರೆ ಕರಕರ ಅನ್ನುತ್ತಿತ್ತು. ಆ ಕರಕರದ ಹಿಂದೆ ಎಲ್ಲೋ ಡ್ಯೂಕ್ ಎಲಿಂಗ್ಟನ್ ಪಿಯಾನೋ. ಅದೇ ಎಲಿಂಗ್ಟನ್ 1963ರಲ್ಲಿ ತಮ್ಮ ಬ್ಯಾಂಡ್ ಕರೆದುಕೊಂಡು ಇಂಡಿಯಾಕ್ಕೇ ಬಂದಿದ್ದರು ಅಂತ ನನಗೆ ಎಷ್ಟೋ ವರ್ಷ ಆದಮೇಲೆ ಗೊತ್ತಾಯಿತು.

ಪ್ಲೇಟು ಕೂಡಿಸಿದ ಕಥೆ ಎಲ್ಲಾ ಹೇಳಿದರೆ ನಾಳೆ ಬೆಳಿಗ್ಗೆ ಆಗುತ್ತದೆ. ಬೆಂಗಳೂರಿನ ಸಂಡೇ ಬಜಾರ್, ಮುಂಬಯಿಯ ಚೋರ್ ಬಜಾರ್, ತೋಟ ಮಾರಿ ಹೋಗುವವರ ಮನೆಯ ಹಳೇ ಸಾಮಾನು. ಒಂದನ್ನು ಮಾತ್ರ ಹೇಳುತ್ತೇನೆ. ಈ ಡಬ್ಬದಲ್ಲಿ ಮೊದಲನೆಯದು, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ', 1959ರದ್ದು. ನನ್ನ ಹತ್ತಿರವೂ ಒಂದು ಇತ್ತು. ಆಗ ನಾನು ಮೈಸೂರಿನ ಮದುವೆ ಬ್ಯಾಂಡಿನವರೊಬ್ಬರಿಂದ ಹಳೇ ಟೆನರ್ ಸ್ಯಾಕ್ಸೊಫೋನ್ ಕೊಂಡು ಕಲಿಯುತ್ತಿದ್ದೆ. ಪ್ಲೇಟು ಹಾಕಿ ಜೊತೆಗೆ ನುಡಿಸುತ್ತೇನೆ, ಶ್ರುತಿ ಸೇರುವುದಿಲ್ಲ. ಪ್ಲೇಟು ಒಂದು ಕೂದಲೆಳೆ ಮೇಲಿದೆ. ಮಳೆಗೆ ಮಿಷಿನ್ನಿನ ಬೆಲ್ಟು ಹಾಳಾಗಿರಬೇಕು ಅಂತ ಬೆಲ್ಟು ಬದಲಿಸಿದೆ. ಸ್ಯಾಕ್ಸೊಫೋನಿನ ಬಾಯಿಗೆ ಕಟ್ಟುವ ತೆಳು ಪಟ್ಟಿ, ರೀಡ್, ಅದನ್ನೂ ಬದಲಿಸಿದೆ. ವಿಚಿತ್ರ ಅಂದರೆ ಎರಡನೇ ಮುಖ ಹಾಕಿದರೆ ಎಲ್ಲ ಸರಿ! ಕಿವಿಯೇ ಕೆಟ್ಟಿರಬೇಕು ಅಂತ ಆರು ತಿಂಗಳು ಕೊರಗಿದೆ. ಕೊನೆಗೆ ಸ್ಯಾಕ್ಸೊಫೋನ್ ಹೊತ್ತುಕೊಂಡು ಮಕ್ಕಂದೂರಿಗೆ ಹೋಗಿ ಗೆಳೆಯನ ಪ್ಲೇಟಿನ ಜೊತೆ, ಅವನ ಮಿಷಿನ್ನಿನಲ್ಲಿ ನುಡಿಸಿದೆ. ಅಲ್ಲೂ ಅದೇ ಕಥೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ವಿಷಯ ಏನು ಅಂದರೆ, ಮೊದಲ ಮುಖದ ಮೂರು ಹಾಡು ರೆಕಾರ್ಡ್ ಆದ ದಿನ ಸ್ಟುಡಿಯೋದ ಟೇಪ್ ಮಿಷಿನ್ ಸ್ವಲ್ಪ ನಿಧಾನಕ್ಕೆ ಓಡಿತ್ತು. ಸರಿಯಾದ ವೇಗದಲ್ಲಿ ಹಾಕಿದಾಗ ಶ್ರುತಿ ಮೇಲೆ ಹೋಯಿತು. ಅದನ್ನು ಸರಿ ಮಾಡಿ ಹೊರಗೆ ತಂದದ್ದು 1992ರಲ್ಲಿ. 33 ವರ್ಷ ಪ್ರಪಂಚ ಪೂರ್ತಿ ತಪ್ಪು ಶ್ರುತಿಯಲ್ಲಿ ಕೇಳಿತು, ಜೊತೆಗೆ ನುಡಿಸಲು ಹೋದ ನನ್ನಂಥ ಹುಡುಗರು ತಮ್ಮನ್ನೇ ಬೈದುಕೊಂಡರು. ಗೆಳೆಯನ ಮನೆಗೆ ಹೋಗದೆ ಇದ್ದಿದ್ದರೆ ನಾನು ಸ್ಯಾಕ್ಸೊಫೋನ್ ಮಾರಿಬಿಡುತ್ತಿದ್ದೆ. ಅದಕ್ಕೇ ಹೇಳುವುದು, ಒಬ್ಬರೇ ಕೇಳಬೇಡಿ ಅಂತ.

ಇನ್ನು ಬ್ಯಾಂಡು. ನಾವು ಐದು ಜನ. ಡ್ರಮ್ಸ್, ಗಿಟಾರ್, ಬೇಸ್ ಗಿಟಾರ್, ಟ್ರಂಪೆಟ್, ನಾನು. ಪ್ಲಾಂಟರ್ಸ್ ಕ್ಲಬ್ಬುಗಳಲ್ಲಿ ಹೊಸ ವರ್ಷದ ರಾತ್ರಿ, ಮದುವೆಗಳಲ್ಲಿ ಸಂಜೆ. ಒಂದು ಕ್ಲಬ್ಬಿನಲ್ಲಿ ಅಡಿಗೆ ಮನೆ ಬಾಗಿಲಿನಿಂದ ಬನ್ನಿ ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅದು ಬಿಡಿ, ಗೋಣಿಕೊಪ್ಪದ ಹತ್ತಿರದ ಮದುವೆಯ ಕಥೆ ಕೇಳಿ. ಕೆಲವರು ಮೊದಲೇ ಕೇಳಿದ್ದೀರಿ. ಇನ್ನೊಂದು ಸಲ ಕೇಳಿ, ನನಗೋಸ್ಕರ.

ನಾವು ಎರಡನೇ ಹಾಡು ಶುರು ಮಾಡಿದ್ದೇ ತಡ, ಕರೆಂಟು ಹೋಯಿತು. ಗಿಟಾರು ಎರಡೂ ಸತ್ತವು. ಮೈಕು ಇಲ್ಲ. ಗ್ಯಾಸ್ ಲೈಟ್ ತಂದಿಟ್ಟರು. ಜನ ಸುಮ್ನೆ ನಿಂತರು. ಅಷ್ಟರಲ್ಲಿ ಚಪ್ಪರದ ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ವಾಲಗದವರು ಲೋಟ ಕೆಳಗಿಟ್ಟು ಶುರು ಮಾಡಿದರು. ನಿಮಗೆ ಗೊತ್ತಲ್ಲ, ಕೊಡಗಿನಲ್ಲಿ ವಾಲಗ ಕೇಳಿದರೆ 80 ವರ್ಷದ ಅಜ್ಜಿಯ ಕಾಲೂ ಸುಮ್ನಿರುವುದಿಲ್ಲ. ನಮ್ಮ ಡ್ರಮ್ಮಿನ ಹುಡುಗ ಮೆಲ್ಲಗೆ ಕೋಲು ತೆಗೆದುಕೊಂಡ. ನಾನು ತಾಳ ಎಣಿಸಲು ನೋಡಿದೆ. ಎಣಿಸುವಷ್ಟರಲ್ಲಿ ಮುಂದೆ ಹೋಗಿರುತ್ತದೆ. ಎಣಿಸುವುದು ಬಿಟ್ಟು ಕುಣಿಯುವವರ ಕಾಲು ನೋಡಿದೆ. ಆಗ ಸಿಕ್ಕಿತು. ಎರಡು ಸ್ವರ ಊದಿದೆ. ಅಷ್ಟೇ, ಎರಡು.

ವಾಲಗ ಊದುತ್ತಿದ್ದ ಹಿರಿಯರು ತಲೆ ತಿರುಗಿಸಿದರು. ನನ್ನ ಎರಡು ಸ್ವರವನ್ನೇ ತೆಗೆದುಕೊಂಡು, ಕೊನೆಗೊಂದು ಬಳುಕು ಹಾಕಿ ವಾಪಸ್ ಕಳಿಸಿದರು. ನಾನು ನಾಲ್ಕು ಸ್ವರ ಕೊಟ್ಟೆ. ಅವರು ನಾಲ್ಕಕ್ಕೆ ಎಂಟು ಕೊಟ್ಟರು. ಶ್ರುತಿ ಎರಡಕ್ಕೂ ಸರಿಯಾಗಿ ಸೇರುತ್ತಿರಲಿಲ್ಲ, ನಾನು ತುಟಿ ಸಡಿಲ ಮಾಡಿ ಹತ್ತಿರ ಹತ್ತಿರ ತಂದೆ. ಜಾಝ್‌ನಲ್ಲಿ ಇದಕ್ಕೆ ಟ್ರೇಡಿಂಗ್ ಫೋರ್ಸ್ ಅನ್ನುತ್ತಾರೆ, ನಾಲ್ಕು ನಾಲ್ಕು ಆವರ್ತ ಹಂಚಿಕೊಂಡು ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವುದು. ನಾನು ಅದನ್ನು ಪ್ಲೇಟಿನಲ್ಲಿ ನೂರು ಸಲ ಕೇಳಿದ್ದೆ. ನುಡಿಸಲು ಕಲಿಸಿದ್ದು ಅವರು, ಆ ರಾತ್ರಿ, ಗ್ಯಾಸ್ ಲೈಟಿನಲ್ಲಿ. ಎಷ್ಟು ಹೊತ್ತು ನುಡಿಸಿದೆವೋ ಲೆಕ್ಕವಿಲ್ಲ. ಕರೆಂಟು ಬಂದಾಗ ಜನ 'ಆರಿಸಿ, ಆರಿಸಿ' ಅಂತ ಕೂಗಿದರು.

ಆಮೇಲೆ ಆ ವಾಲಗದ ಹಿರಿಯರು ಹತ್ತಿರ ಬಂದು 'ಸಾರ್, ಇದಕ್ಕೆ ಉಸಿರು ಜಾಸ್ತಿ ಬೇಕಾ?' ಅಂತ ಕೇಳಿದರು. ಅವರ ವಾಲಗದಿಂದ ದಾರದಲ್ಲಿ ನಾಲ್ಕು ಪೀಪಿ ನೇತಾಡುತ್ತಿತ್ತು. ಒಂದನ್ನು ಬಾಯಲ್ಲಿಟ್ಟು ಒದ್ದೆ ಮಾಡಿ ನನಗೆ ತೋರಿಸಿದರು. ನಾನು ನನ್ನ ರೀಡ್ ಬಿಚ್ಚಿ ತೋರಿಸಿದೆ. ಅವರು ಬೆಳಕಿಗೆ ಹಿಡಿದು, ಉಗುರಿನಿಂದ ತುದಿ ಮೀಟಿ, 'ಇದೂ ಹುಲ್ಲೇ' ಅಂದರು. ನಿಜ. ಸ್ಯಾಕ್ಸೊಫೋನ್ ರೀಡ್ ಕೂಡ ಒಂದು ಜಾತಿಯ ಜೊಂಡು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕ್ಲಬ್ಬುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಮಗಳ ಮನೆಗೆ ಅಂತ ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ಗೆ ಹೋಗಿದ್ದೆ. 1935ರಲ್ಲಿ ಶುರುವಾದ ಕ್ಲಬ್ಬು. ಮೆಟ್ಟಿಲು ಇಳಿದು ನೆಲಮಾಳಿಗೆಗೆ ಹೋಗಬೇಕು. ಮೂರು ಮೂಲೆಯ ಕೋಣೆ, ನಮ್ಮ ಕಾಫಿ ಗೋಡೌನ್ ಅದಕ್ಕಿಂತ ದೊಡ್ಡದು. ಸೋಮವಾರ ರಾತ್ರಿ ಅಷ್ಟು ಚಿಕ್ಕ ಜಾಗದಲ್ಲಿ ದೊಡ್ಡ ಬ್ಯಾಂಡು ನುಡಿಸುತ್ತದೆ, 1966ರಿಂದ ಹಾಗೆ ನಡೆದುಕೊಂಡು ಬಂದಿದೆ. ಟ್ರಾಂಬೋನಿನವರು ತೋಳು ಚಾಚಿದರೆ ಮುಂದಿನ ಸಾಲಿನವರ ತಲೆಗೆ ತಾಗೀತು ಅನಿಸುತ್ತಿತ್ತು. ಅಲ್ಲೇ 1961ರ ಜೂನ್ 25ರಂದು ಬಿಲ್ ಎವನ್ಸ್ ಪಿಯಾನೋ, ಸ್ಕಾಟ್ ಲಫಾರೊ ಬೇಸ್, ಪಾಲ್ ಮೋಶನ್ ಡ್ರಮ್ಸ್ ನುಡಿಸಿದ್ದನ್ನು ರೆಕಾರ್ಡ್ ಮಾಡಿದ್ದಾರೆ. ಕಿವಿಗೊಟ್ಟರೆ ಲೋಟದ ಸದ್ದು, ಜನರ ಪಿಸುಮಾತು ಎಲ್ಲ ಕೇಳುತ್ತದೆ. ಅದಾಗಿ 11 ದಿನಕ್ಕೆ ಲಫಾರೊ ಕಾರ್ ಆಕ್ಸಿಡೆಂಟಿನಲ್ಲಿ ಹೋದರು. 25 ವರ್ಷ ಅಷ್ಟೇ. ನಾನು ಆ ಪ್ಲೇಟು ಹಾಕಿದಾಗಲೆಲ್ಲ ಆ ಲೋಟದ ಸದ್ದಿಗೆ ಕಾಯುತ್ತೇನೆ. ಯಾರೋ ನಮ್ಮ ನಿಮ್ಮಂಥವರು ಅವತ್ತು ಅಲ್ಲಿ ಕೂತಿದ್ದರು.

ಚೀಟಿಯಲ್ಲಿ ಇನ್ನೂ ಇದೆ. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮರುಳಾಗಿದ್ದು, ಬೆಂಗಳೂರಿನ ಮೃದಂಗದ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರ ಜೊತೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ 'ಜ್ಯೋತಿ' ಅಂತ ಪ್ಲೇಟು ಮಾಡಿದ್ದು... ಅದು ಇನ್ನೊಂದು ದಿನ, ಕರೆದರೆ ಬರುತ್ತೇನೆ. ಈಗ ಗೆಳೆಯನ ಡಬ್ಬದಿಂದ ಒಂದು ಪ್ಲೇಟು ಹಾಕಿ...

ಓ, ಹೋಯಿತಾ ಕರೆಂಟು! ಪರವಾಗಿಲ್ಲ, ಕೂತ್ಕೊಳ್ಳಿ, ಕೂತ್ಕೊಳ್ಳಿ. ಜನರೇಟರ್ ಬೇಡ ಅಂತ ಹೇಳಿ ಯಾರಾದರೂ. ಮೊಬೈಲ್ ಬೆಳಕು ಈ ಕಡೆ ಹಿಡಿಯಿರಿ. ದೊಡ್ಡಪ್ಪನ ಮಿಷಿನ್ನಿಗೆ ಕರೆಂಟು ಬೇಡ. ಆರ್ಮ್‌ಸ್ಟ್ರಾಂಗ್ ಅವರ 'ವೆಸ್ಟ್ ಎಂಡ್ ಬ್ಲೂಸ್', 1928ರದ್ದು. ಮೊದಲಿಗೆ ಟ್ರಂಪೆಟ್ ಒಂದೇ ಬರುತ್ತದೆ, ಜೊತೆಗೆ ಯಾರೂ ಇಲ್ಲ. ಆಮೇಲೆ ಉಳಿದವರು ಬಂದು ಸೇರುತ್ತಾರೆ. ಮೈಕಿಲ್ಲ, ಹಿಂದಿನವರಿಗೆ ಮಳೆ ಸದ್ದಿನಲ್ಲಿ ಕೇಳಲಿಕ್ಕಿಲ್ಲ, ಎಲ್ಲರೂ ಕುರ್ಚಿ ಮುಂದೆ ಎಳೆದುಕೊಳ್ಳಿ. ಏ ಮರಿ, ನೀನು ಬಾ ಇಲ್ಲಿ. ಕೀ ಕೊಡು. ಮೆಲ್ಲಗೆ, ಜಾಸ್ತಿ ತಿರುಗಿಸಬೇಡ. ಸಾಕು.