ಮೇರಿ ಯಾಕೆ ದುಡುಕಿದಳು?

ನಮಸ್ಕಾರ. ಹಿಂದೆ ಮಳೆ ಶಬ್ದ ಕೇಳಿಸುತ್ತಿದೆ ಅಲ್ವಾ, ಬೆಳಿಗ್ಗೆಯಿಂದ ಬಿಟ್ಟೇ ಇಲ್ಲ. ಈಗ ನೀವು ನೋಡುತ್ತಿರುವುದು ಮಡಿಕೇರಿ ಕೋಟೆ. ಈ ಎರಡು ಕಲ್ಲಾನೆಗಳ ಹತ್ತಿರ ಬಂದಾಗಲೆಲ್ಲ ನನಗೆ ದೇವಮ್ಮಾಜಿ ನೆನಪಾಗುತ್ತಾಳೆ. ತನ್ನ ನಂತರ ಮಗಳಾದ ಅವಳಿಗೇ ಪಟ್ಟ ಸಿಗಬೇಕು ಅಂತ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಬಯಸಿದ್ದ. 1809ರಲ್ಲಿ ಅವನು ತೀರಿಕೊಂಡ, ಕೆಲವೇ ವರ್ಷದಲ್ಲಿ ಚಿಕ್ಕಪ್ಪ ಲಿಂಗರಾಜ ತಾನೇ ರಾಜನಾದ.

ಹೆಣ್ಣಿಗೆ ಪಟ್ಟ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅನ್ನುವ ಮಾತು ನಿನ್ನೆ ರಾತ್ರಿ ಕರೆಂಟ್ ಹೋದಾಗ ಮನೆಯಲ್ಲೂ ಬಂತು. ಅಲ್ಲಿಂದ ನಾನೂ ಅಕ್ಕನೂ ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್ ಮತ್ತು ಸ್ಕಾಟ್‌ಲೆಂಡಿನ ರಾಣಿ ಮೇರಿಯ ಮೇಲೆ ಜಗಳಕ್ಕೇ ಬಿದ್ದೆವು. ಅಕ್ಕ ಪೂರ್ತಿ ಮೇರಿ ಪಕ್ಷ.

ನನ್ನ ಮಾತು ಇಷ್ಟೇ. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಥರದ ಪರೀಕ್ಷೆ ಬಂದಿತ್ತು. 1560ರಲ್ಲಿ ಎಲಿಜಬೆತ್‌ಗೆ 27 ವರ್ಷ, ತನ್ನ ಆಸ್ಥಾನದ ರಾಬರ್ಟ್ ಡಡ್ಲಿ ಅಂದರೆ ಪ್ರಾಣ. ಅವನ ಹೆಂಡತಿ ಏಮಿ ಒಂದು ದಿನ ಮೆಟ್ಟಿಲ ಬುಡದಲ್ಲಿ ಕುತ್ತಿಗೆ ಮುರಿದು ಸತ್ತು ಬಿದ್ದಿದ್ದಳು. ಯುರೋಪಿನ ಅರಮನೆಗಳಲ್ಲೆಲ್ಲ ಗುಸುಗುಸು. ಎಲಿಜಬೆತ್ ಏನು ಮಾಡಿದಳು ಗೊತ್ತಾ? ತಕ್ಷಣ ಡಡ್ಲಿಯನ್ನು ಆಸ್ಥಾನದಿಂದ ದೂರ ಕಳಿಸಿದಳು, ವಿಚಾರಣೆ ನಡೆಯಲು ಬಿಟ್ಟಳು, ಅದು ಆಕಸ್ಮಿಕ ಸಾವು ಅಂತ ತೀರ್ಪು ಬಂದ ಮೇಲೂ ಅವನನ್ನು ಮದುವೆಯಾಗಲಿಲ್ಲ. ಆ ವಯಸ್ಸಿನಲ್ಲಿ ಮನಸ್ಸನ್ನು ಹಾಗೆ ಹಿಡಿದಿಟ್ಟುಕೊಳ್ಳುವುದು ಸಣ್ಣ ಮಾತಲ್ಲ.

1567ರ ಫೆಬ್ರುವರಿಯಲ್ಲಿ ಮೇರಿಗೆ 24. ಗಂಡ ಡಾರ್ನ್ಲಿ ಇದ್ದ ಮನೆಯನ್ನು ಮದ್ದಿಟ್ಟು ಉಡಾಯಿಸಿದರು, ಅವನ ಹೆಣ ಸಿಕ್ಕಿದ್ದು ಹೊರಗೆ ತೋಟದಲ್ಲಿ. ಎಲ್ಲರ ಬೆರಳೂ ಅಲ್ಲಿನ ಸರದಾರ ಬಾತ್‌ವೆಲ್ ಕಡೆ. ಅದೇ ತಿಂಗಳು ಎಲಿಜಬೆತ್ ಅವಳಿಗೆ ಪತ್ರ ಬರೆದಳು: ತಪ್ಪು ಮಾಡಿದವನು ನಿನಗೆ ಎಷ್ಟೇ ಹತ್ತಿರದವನಾಗಿರಲಿ, ಬಿಡಬೇಡ ಅಂತ. ಪ್ರತಿಸ್ಪರ್ಧಿಯೇ ಕೊಟ್ಟ ಸರಿಯಾದ ಸಲಹೆ ಅದು. ಆದರೆ ಬಾತ್‌ವೆಲ್‌ನ ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು, ಬಿಡುಗಡೆಯೂ ಆಯಿತು. ಮೇ 15ಕ್ಕೆ ಮೇರಿ ಅವನನ್ನೇ ಮದುವೆಯಾದಳು! ಒಂದು ತಿಂಗಳಲ್ಲಿ ಸೆರೆ, ಜುಲೈಯಲ್ಲಿ ಕಿರೀಟವೂ ಹೋಯಿತು.

ಮದುವೆಗೆ ಮುಂಚೆ ಅವನು ಅವಳನ್ನು ಡನ್‌ಬಾರ್ ಕೋಟೆಗೆ ಎತ್ತಿಕೊಂಡು ಹೋಗಿದ್ದ, ಬೇರೆ ದಾರಿ ಏನಿತ್ತು ಅಂತ ಅಕ್ಕ ಕೇಳುತ್ತಾಳೆ. ಅದನ್ನು ನಾನು ಸುಮ್ನೆ ತಳ್ಳಿಹಾಕಲಾರೆ. ಅವಳಿಗೆ ನಂಬಿಕೆಯವರೇ ಕಡಿಮೆ, ಎಲಿಜಬೆತ್ ಪಕ್ಕದಲ್ಲಿ ಸೆಸಿಲ್‌ನಂಥ ಮಂತ್ರಿ ಇದ್ದ. ಎಲಿಜಬೆತ್ ಕೂಡ ಎಲ್ಲ ಕಡೆ ನೇರ ಇರಲಿಲ್ಲ. 1587ರಲ್ಲಿ ಮೇರಿಯ ಮರಣದಂಡನೆಗೆ ತಾನೇ ಸಹಿ ಹಾಕಿ, ಆಮೇಲೆ ತಪ್ಪನ್ನು ಕಾರ್ಯದರ್ಶಿ ಡೇವಿಸನ್ ಮೇಲೆ ಹೊರಿಸಿ ಅವನನ್ನು ಸೆರೆಗೆ ಹಾಕಿಸಿದಳು. ಅದು ನನಗೆ ಇವತ್ತಿಗೂ ಹಿಡಿಸುವುದಿಲ್ಲ.

ಆದರೆ ಮೇರಿಯ ಇನ್ನೊಂದು ನಿರ್ಧಾರಕ್ಕೆ ಅಕ್ಕನ ಹತ್ತಿರವೂ ಉತ್ತರ ಇರಲಿಲ್ಲ. 1568ರ ಮೇನಲ್ಲಿ ಸೆರೆಯಿಂದ ತಪ್ಪಿಸಿಕೊಂಡಳು, ಲ್ಯಾಂಗ್‌ಸೈಡ್‌ನಲ್ಲಿ ಯುದ್ಧ ಸೋತಳು. ಫ್ರಾನ್ಸಿನಲ್ಲಿ ಬೆಳೆದವಳು, ಅಲ್ಲಿ ರಾಣಿಯೂ ಆಗಿದ್ದವಳು, ತಾಯಿ ಕಡೆಯ ನೆಂಟರೆಲ್ಲ ಅಲ್ಲೇ. ಇಂಗ್ಲೆಂಡಿಗೆ ಮಾತ್ರ ಬೇಡ ಅಂತ ಜೊತೆಗಿದ್ದವರು ಬೇಡಿಕೊಂಡರು. ಆದರೂ ಮೀನುಗಾರರ ದೋಣಿ ಹತ್ತಿ, ಯಾರ ಕಿರೀಟಕ್ಕೆ ತಾನು ಹಕ್ಕುದಾರಳೋ ಅವಳ ದೇಶಕ್ಕೇ ಹೋಗಿ ಇಳಿದಳು. ಹತ್ತೊಂಬತ್ತು ವರ್ಷ ಹತ್ತಿರ ಹತ್ತಿರ ಸೆರೆಯಲ್ಲೇ ಕಳೆಯಿತು. ಎಲಿಜಬೆತ್ ಒಂದು ದಿನವೂ ಅವಳ ಮುಖ ನೋಡಲು ಬರಲಿಲ್ಲ.