ಬೇಗ ಸಿಕ್ಕಿದ ‘ನೀನು’

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಿಮಗೊಂದು ಸಪ್ಪೆ ಸಿನಿಮಾದ ಕತೆ ಹೇಳುತ್ತೇನೆ. ತೀರಾ ಕೆಟ್ಟ ಸಿನಿಮಾ ಆಗಿದ್ದರೆ ನೆನೆಸಿಕೊಂಡು ನಗಬಹುದಿತ್ತು. ಇದು ಹಾಗೂ ಅಲ್ಲ. ಉಪ್ಪು ಮರೆತ ಉಪ್ಪಿಟ್ಟು. ತಿಂದು ಮುಗಿಸುತ್ತೀರಿ, ತಿಂದದ್ದು ಏನು ಅಂತ ಮಾತ್ರ ಹೇಳಲು ಬರುವುದಿಲ್ಲ.

ಜರ್ಮನಿಯಲ್ಲಿ ಟಿವಿಗೆಂದೇ ತಯಾರಿಸಿದ ಪ್ರೇಮ-ಹಾಸ್ಯದ ಸಿನಿಮಾ ಅದು. ಯಾವ ಚಾನೆಲ್, ಏನು ಹೆಸರು, ಅದೆಲ್ಲ ಬೇಡ ಬಿಡಿ. ಆಗ ನಾನು ಹ್ಯಾಂಬರ್ಗಿನಲ್ಲಿ ಬಾಡಿಗೆಗಿದ್ದೆ. ಮನೆಯ ಯಜಮಾನಿ ಕೆಳಗಿನ ಮಹಡಿಯಲ್ಲಿ ಒಬ್ಬರೇ ಇದ್ದರು. ವಯಸ್ಸು 78. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಸಂಜೆ ತುಂಬಾ ಉದ್ದ. ವಾರಕ್ಕೊಮ್ಮೆ ಕೆಳಗೆ ಕರೆದು ಚಹಾ ಕೊಡುತ್ತಿದ್ದರು. ಚಹಾದ ಜೊತೆ ಟಿವಿ.

ಅಲ್ಲಿ ಟಿವಿ ನೋಡುವುದಕ್ಕೂ ಒಂದು ಮುಹೂರ್ತ ಇದೆ. 8 ಗಂಟೆಗೆ ವಾರ್ತೆ, ಸರಿಯಾಗಿ ಹದಿನೈದು ನಿಮಿಷ. 8.15ಕ್ಕೆ ಸಿನಿಮಾ. ಸಾರ್ವಜನಿಕ ಚಾನೆಲ್‌ಗಳಲ್ಲಿ ರಾತ್ರಿ 8ರ ಮೇಲೆ ಜಾಹೀರಾತಿಲ್ಲ, ಹಾಗಾಗಿ ಒಂದೂವರೆ ಗಂಟೆ ಎಡೆಬಿಡದೆ ಕತೆ. ಇದಕ್ಕೆಲ್ಲ ದುಡ್ಡು ಎಲ್ಲಿಂದ ಅಂದರೆ, ಪ್ರತಿ ಮನೆಯೂ ತಿಂಗಳಿಗೆ 18 ಯೂರೋ 36 ಸೆಂಟ್ ಕೊಡಬೇಕು. ಮನೆಯಲ್ಲಿ ಟಿವಿ ಇದ್ದರೂ ಕೊಡಬೇಕು, ಇಲ್ಲದಿದ್ದರೂ ಕೊಡಬೇಕು. ನಮ್ಮ ಯಜಮಾನಿ ಎಂಥ ಸಿನಿಮಾ ಬಂದರೂ ಅರ್ಧಕ್ಕೆ ಎದ್ದು ಹೋಗುತ್ತಿರಲಿಲ್ಲ. ಕಟ್ಟಿದ ದುಡ್ಡು ವಸೂಲಾಗಬೇಕಲ್ಲ!

ಈ ಜಾತಿಯ ಸಿನಿಮಾಗಳಿಗೆ ಅಲ್ಲಿ ದೊಡ್ಡ ವಂಶವೃಕ್ಷವೇ ಇದೆ. ರೋಸಮಂಡ್ ಪಿಲ್ಚರ್ ಅಂತ ಒಬ್ಬರು ಇಂಗ್ಲಿಷ್ ಲೇಖಕಿ. ಹುಟ್ಟಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಲ್ಲಿ, ತೀರಿಕೊಂಡದ್ದು 2019ರಲ್ಲಿ. ಅವರ ಕತೆಗಳನ್ನು ಜರ್ಮನಿಯ ಜೆಡ್‌ಡಿಎಫ್ ಅನ್ನುವ ಸಾರ್ವಜನಿಕ ಚಾನೆಲ್ 1993ರಿಂದ ಸಿನಿಮಾ ಮಾಡುತ್ತಾ ಬಂದಿದೆ. 150 ದಾಟಿದೆ ಎಣಿಕೆ. ಚಿತ್ರೀಕರಣ ಹೆಚ್ಚಾಗಿ ಕಾರ್ನ್‌ವಾಲ್‌ನಲ್ಲಿ. ಪಾತ್ರಗಳು ಇಂಗ್ಲಿಷಿನವರು. ನಟಿಸುವವರು ಮಾತ್ರ ಜರ್ಮನ್ನರು, ಆಡುವ ಮಾತೂ ಜರ್ಮನ್. ಸಿನಿಮಾ ನೋಡಿದ ಜರ್ಮನ್ನರು ಬಸ್ಸು ಬಸ್ಸು ತುಂಬಿಕೊಂಡು ಆ ಕಡಲು ನೋಡಲು ಹೊರಟರು. ಬ್ರಿಟನ್ನಿನ ಪ್ರವಾಸೋದ್ಯಮದವರು 2002ರಲ್ಲಿ ಲೇಖಕಿಗೂ ಚಾನೆಲ್ಲಿನ ಅಧಿಕಾರಿಗೂ ಕರೆದು ಪ್ರಶಸ್ತಿ ಕೊಟ್ಟರು. ಸಾಹಿತ್ಯಕ್ಕಲ್ಲ, ಪ್ರವಾಸೋದ್ಯಮಕ್ಕೆ! ಈ ಮನೆತನದಲ್ಲಿ ಹೀರೊ ಯಾರು ಅಂತ ನಿಮಗೆ ಗೊತ್ತಾಗಿರಬೇಕು.

ಆದರೆ ನಾನು ಹೇಳುತ್ತಿರುವ ಸಿನಿಮಾ ಇಂಗ್ಲೆಂಡಿನದಲ್ಲ. ಬಾಲ್ಟಿಕ್ ಕಡಲತೀರದ ಒಂದು ಹಳ್ಳಿ. ನಾಯಕ ದೋಣಿ ಕಟ್ಟುವವನು, ಹೆಂಡತಿ ತೀರಿಕೊಂಡಿದ್ದಾಳೆ, ನಲವತ್ತೈದರ ಆಸುಪಾಸು. ಸಾಲ ತೀರಿಸಿಲ್ಲ. ನಾಯಕಿ ಪಟ್ಟಣದಿಂದ ಬಂದ ಬ್ಯಾಂಕಿನ ಅಧಿಕಾರಿ. ಅವನ ದೋಣಿ ಕಟ್ಟುವ ಜಾಗವನ್ನು ಜಪ್ತಿ ಮಾಡಲು ಬಂದಿದ್ದಾಳೆ. ಕೇಳಲು ಚೆನ್ನಾಗಿಯೇ ಇದೆ ಅಲ್ವಾ? ನಾನೂ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಮೂರನೇ ನಿಮಿಷಕ್ಕೆ ಅವಳ ಕಾರು ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಅವನು ಟ್ರಾಕ್ಟರ್ ತಂದು ನಿಲ್ಲಿಸಿ, ಬಗ್ಗಿ ನೋಡಿ ಕೇಳುತ್ತಾನೆ: “ಏನು, ಸಿಕ್ಕಿಹಾಕ್ಕೊಂಡ್ಯಾ?” ಅವಳೂ ಹಾಗೇ ಜವಾಬು ಕೊಡುತ್ತಾಳೆ: “ನೀನು ಎಳೆದರೆ ಬರುತ್ತೆ.”

ಪಕ್ಕದಲ್ಲಿ ಹೆಣಿಗೆಯ ಕಡ್ಡಿಗಳ ಟಿಕ್ ಟಿಕ್ ನಿಂತಿತು. ಯಜಮಾನಿ ಕನ್ನಡಕದ ಮೇಲಿನಿಂದ ಟಿವಿ ನೋಡಿದರು. “ಅಷ್ಟೇ. ಮುಗೀತು ಸಿನಿಮಾ,” ಅಂದರು.

ಯಾಕೆ ಮುಗಿಯಿತು ಅಂತ ಒಬ್ಬ ಇಂಗ್ಲಿಷಿನವನಿಗೆ ತಿಳಿಸಿ ಹೇಳಲು ಅರ್ಧ ಗಂಟೆ ಬೇಕು. ನಿಮಗೆ ಅರ್ಧ ನಿಮಿಷ ಸಾಕು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಜರ್ಮನ್‌ನಲ್ಲಿ ನಮ್ಮ ಹಾಗೇ ಎರಡು. ‘ಡು’ ಅಂದರೆ ನೀನು. ‘ಜೀ’ ಅಂದರೆ ನೀವು. ನಾವು ಏಕವಚನದಲ್ಲಿ ಮಾತಾಡಿಸಿದ, ಬಹುವಚನದಲ್ಲಿ ಮಾತಾಡಿಸಿದ ಅಂತೀವಲ್ಲ, ಅವರಲ್ಲೂ ಅದಕ್ಕೆ ಬೇರೆ ಬೇರೆ ಕ್ರಿಯಾಪದಗಳೇ ಇವೆ. ಪೊಲೀಸಿನವನನ್ನು ಏಕವಚನದಲ್ಲಿ ಮಾತಾಡಿಸಿದರೆ ಅವಮಾನದ ಕೇಸು ಬೀಳಲೂಬಹುದು. ನಮ್ಮ ಕಿಟೆಲ್ ಸಾಹೇಬರು 1894ರಲ್ಲಿ ಅಷ್ಟು ದಪ್ಪ ನಿಘಂಟು ಕೊಟ್ಟರಲ್ಲ, ಅವರಿಗೆ ಕನ್ನಡದಲ್ಲಿ ಏನೇನು ಕಷ್ಟವಾಯಿತೋ, ಈ ನೀನು-ನೀವು ಮಾತ್ರ ಕಷ್ಟವಾಗಿರಲಿಕ್ಕಿಲ್ಲ. ತಾಯಿಯ ಮಡಿಲಲ್ಲೇ ಕಲಿತು ಬಂದಿದ್ದರು.

ಒಂದು ವ್ಯತ್ಯಾಸವೂ ಇದೆ. ನಮ್ಮಲ್ಲಿ ಬಹುವಚನದಿಂದ ಏಕವಚನಕ್ಕೆ ಸುಮ್ನೆ ಜಾರಿಬಿಡುತ್ತೇವೆ. ಯಾವತ್ತು ಜಾರಿದೆವು ಅಂತ ಗೊತ್ತೇ ಆಗುವುದಿಲ್ಲ. ಅಲ್ಲಿ ಅದನ್ನು ‘ಕೊಡುತ್ತಾರೆ’. ದೊಡ್ಡವರು ಚಿಕ್ಕವರಿಗೆ ಕೊಡಬೇಕು. “ಇನ್ನು ಮೇಲೆ ನಾವು ನೀನು ಅಂತಲೇ ಮಾತಾಡೋಣವಾ?” ಅಂತ ಬಾಯಿಬಿಟ್ಟು ಕೇಳಬೇಕು. ಕೆಲವರು ತೋಳಿಗೆ ತೋಳು ಸಿಕ್ಕಿಸಿ ಗ್ಲಾಸು ಎತ್ತಿ ಕುಡಿಯುತ್ತಾರೆ. ಒಮ್ಮೆ ಕೊಟ್ಟ ಮೇಲೆ ವಾಪಸು ತೆಗೆದುಕೊಳ್ಳುವುದು ಭಾರೀ ಮುಜುಗರ.

ಈಗ ಹೇಳಿ. ಇಬ್ಬರು ಅಪರಿಚಿತರು, ನಡುವೆ ಒಂದು ಸಾಲ, ಕೊನೆಗೆ ಪ್ರೇಮ. ಇಂಥ ಕತೆ ಬರೆಯುವವನಿಗೆ ಆ ಭಾಷೆಯೇ ಬಾಗಿಲು ಕೆತ್ತಿಸಿ, ಚಿಲಕ ಹಾಕಿ, ಕೈಗೆ ಕೀಲಿ ಕೊಟ್ಟಿದೆ. ಒಂದೂವರೆ ಗಂಟೆ ಆ ಬಾಗಿಲ ಮುಂದೆ ನಮ್ಮನ್ನು ಕಾಯಿಸಬಹುದಿತ್ತು. ಇವನು ಮೂರನೇ ನಿಮಿಷಕ್ಕೇ ಬಾಗಿಲು ತೆಗೆದು, ಬನ್ನಿ ಒಳಗೆ ಅಂದುಬಿಟ್ಟ. ಒಳಗೆ ಹೋದರೆ ಏನೂ ಇಲ್ಲ. ಆಮೇಲೆ ಅವಳು ಬ್ಯಾಗಿನಿಂದ ಜಪ್ತಿಯ ಕಾಗದ ತೆಗೆದು ಕೊಡುತ್ತಾಳೆ, ಅದೂ ‘ಡು’ ಅಂತಲೇ! ಜಪ್ತಿ ನೋಟಿಸನ್ನು ಯಾರಾದರೂ ಏಕವಚನದಲ್ಲಿ ಕೊಡುತ್ತಾರಾ?

ಈಗಿನ ಹುಡುಗರು ಹಾಗೇ ಮಾತಾಡುತ್ತಾರಲ್ಲ, ಅನ್ನಬಹುದು ನೀವು. ನಿಜ. ಆಫೀಸುಗಳಲ್ಲಿ, ಜಾಹೀರಾತುಗಳಲ್ಲಿ ‘ಡು’ ಜಾಸ್ತಿಯಾಗಿದೆ. ಆದರೆ ಸಾಲ ವಸೂಲಿಯಲ್ಲಿ ಇನ್ನೂ ಬಂದಿಲ್ಲ.

ಕತೆ ಮುಂದೇನಾಯಿತು ಅಂತ ಹೇಳುವ ಅಗತ್ಯವೇ ಇಲ್ಲ. ಅವನು ಯಾರನ್ನೋ ತಬ್ಬಿಕೊಂಡದ್ದನ್ನು ಇವಳು ಕಿಟಕಿಯಿಂದ ನೋಡಿದಳು. ಅದು ಅವನ ತಂಗಿ. ಪಟ್ಟಣದಲ್ಲಿರುವ ಇವಳ ಗೆಳೆಯ ಸದಾ ಫೋನಿನಲ್ಲೇ ಇರುವವನು, ಹಾಗಾಗಿ ಒಳ್ಳೆಯವನಲ್ಲ. ಒಂದು ನಾಯಿ. ಎರಡು ಸೂರ್ಯಾಸ್ತ.

ಆ ಸೂರ್ಯಾಸ್ತಗಳ ನಡುವೆ ಯಜಮಾನಿ ತಮ್ಮ ಕತೆ ಹೇಳಿದರು. ಸಿನಿಮಾಕ್ಕಿಂತ ಅದೇ ಚೆನ್ನಾಗಿತ್ತು. 1967ರಲ್ಲಿ ಅವರು ಅಂಚೆ ಕಚೇರಿಯ ಕೌಂಟರಿನಲ್ಲಿದ್ದರು. ಒಬ್ಬ ಮನುಷ್ಯ ದಿನಾ ಬಂದು ಒಂದೇ ಒಂದು ಸ್ಟಾಂಪು ಕೊಳ್ಳುತ್ತಿದ್ದ. ಎಂಟು ತಿಂಗಳು ‘ಜೀ’. ಜೊತೆಗೆ ಕಾಫಿ ಕುಡಿದರು, ‘ಜೀ’. ನಾಟಕ ನೋಡಿದರು, ‘ಜೀ’. ಒಂದು ದಿನ ಟ್ರಾಮ್ ಕಾಯುವಾಗ ಮಳೆ ಬಂತು. ಒಂದೇ ಕೊಡೆ. ಆಗ ಅವನು ಕೇಳಿದ, ಇನ್ನು ‘ಡು’ ಅನ್ನೋಣವಾ ಅಂತ. ಇವರು ಹೂಂ ಅಂದರು.

“ಹೂಂ ಅಂದೆ, ಆದರೆ ನಾಲಿಗೆ ಹೊರಳಲಿಲ್ಲ,” ಅಂದರು. “ಎರಡು ವಾರ ‘ಡು’ನೂ ಅನ್ನಲಿಲ್ಲ, ‘ಜೀ’ನೂ ಅನ್ನಲಿಲ್ಲ. ಎರಡೂ ಇಲ್ಲದ ಹಾಗೆ ವಾಕ್ಯ ಕಟ್ಟುತ್ತಿದ್ದೆ. ಟ್ರಾಮ್ ಎಷ್ಟು ಹೊತ್ತಿಗೆ? ಕಾಫಿಗೆ ಸಕ್ಕರೆ ಬೇಕಾ?”

ನನಗೆ ನಗು ತಡೆಯಲಿಲ್ಲ. ಯಾಕೆ ಅಂತ ಕೇಳಿದರು. ನಮ್ಮ ಕಡೆಯೂ ಹೀಗೇ ಅಂದೆ. ಹೊಸದಾಗಿ ಮದುವೆಯಾದವರು, ನೀನು ಅನ್ನಬೇಕೋ ನೀವು ಅನ್ನಬೇಕೋ ಗೊತ್ತಾಗದ ಮೈದುನ, ಅತ್ತಿಗೆ, ವಯಸ್ಸಿನಲ್ಲಿ ಚಿಕ್ಕವನಾದ ಮೇಲಧಿಕಾರಿ. ಎಲ್ಲರಿಗೂ ಇದೇ ದಾರಿ. “ಊಟ ಆಯ್ತಾ?” “ಬರೋದು ಯಾವಾಗ?” “ಕಾಫಿ ಮಾಡ್ಲಾ?” ಇವುಗಳಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಇಡೀ ಸಂಸಾರವನ್ನೇ ಹೀಗೆ ನಡೆಸಿದವರು ಇದ್ದಾರೆ. ನಮ್ಮ ಹಳೇ ಸಿನಿಮಾಗಳದ್ದು ಇನ್ನೊಂದು ಕತೆ. ಹೀರೊ ಮೊದಲ ಹಾಡಿಗೇ ನೀನು ಅಂತಾನೆ, ಹೀರೋಯಿನ್ ಮಕ್ಕಳಾದರೂ ನೀವು. ಇದನ್ನು ಹೇಳಿದಾಗ ಅವರು ನಗಲಿಲ್ಲ. ಅವರ ‘ಡು’ ಹೋದ ಕಡೆಯಿಂದ ತಿರುಗಿ ಬರಲೇಬೇಕು.

ಇಂಗ್ಲಿಷ್ ಪ್ರೇಮಕತೆಗಳನ್ನು ಜರ್ಮನ್‌ಗೆ ಡಬ್ ಮಾಡುವವರಿಗೆ ಇದೊಂದು ದೊಡ್ಡ ತಲೆನೋವು. ಅಲ್ಲಿ ಹೊರಗಿನ ಸಿನಿಮಾ ಹೆಚ್ಚಾಗಿ ಡಬ್ ಆಗಿಯೇ ಬರುವುದು. ಮೂಲದಲ್ಲಿ ಬರೀ ‘ಯೂ’. ಯಾವ ಮಾತಿನಿಂದ ‘ಡು’ ಶುರು? ಸಾಮಾನ್ಯವಾಗಿ ಮೊದಲ ಮುತ್ತಿನ ಆಮೇಲೆ. ಅಂದರೆ ಪರದೇಶದ ಸಿನಿಮಾಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ, ಸ್ವಂತದ್ದಕ್ಕೆ ಇಲ್ಲ. ಇಂಗ್ಲಿಷ್ ಸಿನಿಮಾ ಕನ್ನಡಕ್ಕೆ ಡಬ್ ಮಾಡುವವರೂ ಇದೇ ಪ್ರಶ್ನೆಗೆ ತಲೆ ಕೆರೆದುಕೊಳ್ಳಬೇಕು.

ಜರ್ಮನ್ನರಿಗೆ ಹಾಸ್ಯ ಬರುವುದಿಲ್ಲ ಅಂತ ಒಂದು ಮಾತಿದೆ. ನಾನು ಒಪ್ಪುವುದಿಲ್ಲ. ಅವರಲ್ಲಿ ಲೋರಿಯೋ ಅಂತ ಒಬ್ಬರಿದ್ದರು. ನಿಜವಾದ ಹೆಸರು ವಿಕ್ಕೋ ಫಾನ್ ಬ್ಯೂಲೋ, 2011ರಲ್ಲಿ ತೀರಿಕೊಂಡರು. 1976ರಿಂದ 1978ರವರೆಗೆ ರೇಡಿಯೋ ಬ್ರೆಮೆನ್ ಅನ್ನುವ ಪ್ರಸಾರ ಸಂಸ್ಥೆಗೆ ಟಿವಿಯಲ್ಲಿ ಬರೀ ಆರು ಕಂತು ಹಾಸ್ಯ ಮಾಡಿದರು. ಅದರಲ್ಲೊಂದು ತುಣುಕು. ಹೋಟೆಲಿನಲ್ಲಿ ಗಂಡು, ಹೆಣ್ಣು ಎದುರುಬದುರು ಕೂತಿದ್ದಾರೆ. ಗಂಡು ಲೋರಿಯೋ, ಹೆಣ್ಣು ಎವೆಲಿನ್ ಹಾಮನ್. ಅವನು ಬಾಯಿ ಒರೆಸಿಕೊಳ್ಳುತ್ತಾನೆ, ಒಂದು ನೂಡಲ್ ಮುಖಕ್ಕೆ ಅಂಟಿಕೊಳ್ಳುತ್ತದೆ. ಅವನಿಗೆ ಗೊತ್ತಿಲ್ಲ. ತನ್ನ ಪ್ರೇಮ ಹೇಳಿಕೊಳ್ಳುವ ಗಂಭೀರದಲ್ಲಿದ್ದಾನೆ. ಅವಳು ಹೇಳಲು ಬಾಯಿ ತೆಗೆದಾಗಲೆಲ್ಲ, ಈಗ ಏನೂ ಹೇಳಬೇಡಿ ಅಂತ ತಡೆಯುತ್ತಾನೆ. ನೂಡಲ್ ಮುಖದ ಮೇಲೆ ಜಾಗ ಬದಲಿಸುತ್ತಾ ಹೋಗುತ್ತದೆ. ಅಷ್ಟೆಲ್ಲ ಆದರೂ ‘ಹೇಳಬೇಡಿ’ಯೇ. ಹೆಸರು ಹಿಡಿದು ಕರೆಯುತ್ತಾನೆ, ಆದರೆ ಬಹುವಚನ ಬಿಡುವುದಿಲ್ಲ. ಹೆಸರು ಹಿಡಿದು ಬಹುವಚನ ಹಚ್ಚುವ ಈ ಪದ್ಧತಿಗೆ ಅಲ್ಲಿ ‘ಹ್ಯಾಂಬರ್ಗಿನ ಜೀ’ ಅಂತಲೇ ಹೆಸರು. ಆ ‘ಜೀ’ ಇಲ್ಲದಿದ್ದರೆ ನೂಡಲ್ ಬರೀ ನೂಡಲ್. ಮೈತುಂಬ ಇಸ್ತ್ರಿ ಹಾಕಿದ ಮರ್ಯಾದೆ ಇದ್ದುದರಿಂದಲೇ ಅದು ಅಷ್ಟು ಎದ್ದು ಕಾಣುತ್ತದೆ.

ದೋಣಿಯವನಿಗೆ ಅಂಥ ಒಂದು ನೂಡಲ್ ಕೂಡ ಸಿಗಲಿಲ್ಲ. 9.40ರ ಹೊತ್ತಿಗೆ ಇಬ್ಬರೂ ಕಡಲ ಕಟ್ಟೆಯ ಮೇಲೆ ನಿಂತರು. ಅವನು ಅವಳ ಕೈ ಹಿಡಿದ. ಏನೋ ಹೇಳಿದ. ಮೂರನೇ ನಿಮಿಷದಲ್ಲಿ ಆಡಿದ್ದೇ ಮಾತು, ಅದೇ ದನಿ. ನನಗಂತೂ ಅವರು ಎಲ್ಲಿಂದ ಎಲ್ಲಿಗೆ ಬಂದರು ಅಂತ ಹೊಳೆಯಲಿಲ್ಲ. ಯಜಮಾನಿ ಹೆಣಿಗೆ ಸುತ್ತಿ ಬುಟ್ಟಿಗೆ ಹಾಕಿ, ನನ್ನ ಹೆಸರು ಹಿಡಿದು ಕೇಳಿದರು, “ನಿಮಗೆ ಇನ್ನೊಂದು ಚಹಾ ಬೇಕಾ?”

ಮೂರು ವರ್ಷವೂ ನಾವು ‘ಜೀ’ಯಲ್ಲೇ ಇದ್ದೆವು. ಅವರು ಕೊಡಲಿಲ್ಲ, ನಾನು ಕೇಳುವಂತಿಲ್ಲ. ನಾನು ಊರಿಗೆ ವಾಪಸು ಬಂದು ಸುಮಾರು ದಿನವಾಯಿತು. ಅಲ್ಲಿ ಸಿನಿಮಾ ಮುಗಿಯುವಾಗ ಇಲ್ಲಿ ರಾತ್ರಿ ಒಂದು ಗಂಟೆ ದಾಟಿರುತ್ತದೆ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಕೆಲವು ಸಲ ಅವರ ಮೆಸೇಜು ಇರುತ್ತದೆ. ಹೋದ ವಾರದ್ದು ಹೀಗಿತ್ತು: “ನಿನ್ನೆಯದೂ ಅಷ್ಟೇ. ನಾಲ್ಕನೇ ನಿಮಿಷಕ್ಕೇ ‘ಡು’. ಕಡಲು ಮಾತ್ರ ಚೆನ್ನಾಗಿತ್ತು. ನೀವು ನೋಡಬೇಕಿತ್ತು.”

ನಮಸ್ಕಾರ.